ಮುಕಾಶನ ಮೈಕು, ಇಸ್ಮಾನಾಲಿಯ ಕಾಲು

ನಮ್ಮ ಕಣಿವೆಯಲ್ಲಿ ಮನುಷ್ಯ ಸಾಯುವುದು ಕಾಯಿಲೆಯಿಂದಲ್ಲ, ಕಾಯಿಲೆ ನೋಡಲು ಬಂದವರಿಂದ. ಸಾಲ್ಕಿನ್ ಮುದುಕಿ ಈ ಮಾತನ್ನು ಗುಟ್ಟಾಗಿ ಆಡುತ್ತಿರಲಿಲ್ಲ. ನೋಡಲು ಬಂದವರಿಗೇ ಚಹಾ ಬಗ್ಗಿಸುತ್ತ ಅವರ ಮುಖದೆದುರೇ ಆಡುತ್ತಿದ್ದಳು. ಅವರು ಹೋ ಎಂದು ನಕ್ಕು ಇನ್ನೊಂದು ಬಟ್ಟಲು ಚಹಾ ಕೇಳುತ್ತಿದ್ದರು. ದಪ್ಪ ಚರ್ಮದವರಿಗೆ ಸೂಜಿ ಚುಚ್ಚಿದರೆ ಸೂಜಿಯೇ ಮುರಿಯುತ್ತದೆ.

ಅವಳ ಗಂಡ ಇಸ್ಮಾನಾಲಿಗೆ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಹೆಣ್ಣು ಕುದುರೆಗಳಿಗೆ ಮೇವು ಹಾಕಲೆಂದು ಬಣವೆಯಿಂದ ಹುಲ್ಲು ಹಿರಿಯುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿ ಹಿಮದ ಮೇಲೆ ಕುಳಿತುಬಿಟ್ಟ. ಆಸ್ಪತ್ರೆಯಿಂದ ಬರುವಾಗ ಮಾತು ಮರಳಿತ್ತು. ಎಡಗೈ, ಎಡಗಾಲು ಮರಳಿರಲಿಲ್ಲ. ಅಂದಿನಿಂದ ಶುರುವಾಯಿತು ಜಾತ್ರೆ. ಒಂದು ಪೊಟ್ಟಣ ಸಕ್ಕರೆ ಹಿಡಿದುಕೊಂಡು ಬರುವುದು, ಅತಿಥಿಗಳಿಗೆಂದೇ ಇರುವ ಗೌರವದ ಜಾಗದಲ್ಲಿ ಕಂಬಳಿ ಹಾಸಿನ ಮೇಲೆ ಕೂರುವುದು, ಕುರಿಮಾಂಸ ಬೇಯುವವರೆಗೆ ಊರ ಸುದ್ದಿ ಅರೆಯುವುದು, ತಿಂದು ಬಾಯಿ ಒರೆಸಿಕೊಂಡ ಮೇಲೆ ರೋಗಿ ಇದ್ದಾನೆಂಬುದು ನೆನಪಾಗುವುದು.

"ಎಲ್ಲಿ, ಆ ಕೈ ಎತ್ತು ನೋಡಾಣ, ಇಸ್ಮಾನಾಲಿ!"

ಇಸ್ಮಾನಾಲಿ ಎತ್ತಲು ನೋಡುತ್ತಿದ್ದ. ಹಣೆಯಲ್ಲಿ ಬೆವರೊಡೆಯುತ್ತಿತ್ತು. ಬೆಳಿಗ್ಗೆ ತಾನೇ ಬ್ರೆಡ್ಡಿನ ತುಂಡು ಹಿಡಿದಿದ್ದ ಕೈ ಆಗ ಒದ್ದೆ ಕಂಬಳಿಯಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಬಂದವರು ಲೊಚಗುಟ್ಟುತ್ತಿದ್ದರು. "ಅಯ್ಯೋ ಪಾಪ, ಹೋದ ವಾರ ಇನ್ನೂ ವಾಸಿ ಇತ್ತು" ಎಂದು, ಹೋದ ವಾರ ಬಂದೇ ಇರದವರು ಹೇಳುತ್ತಿದ್ದರು. ಸಾಲ್ಕಿನ್‌ಗೆ ಆ ಲೊಚಗುಟ್ಟುವ ಬಾಯಿಗಳಿಗೆಲ್ಲ ಕುದಿಯುವ ಸಾರು ಸುರಿಯಬೇಕೆನಿಸುತ್ತಿತ್ತು. ಆದರೂ ಸಾರನ್ನು ಬಟ್ಟಲಿಗೇ ಸುರಿದು ಕೊಡುತ್ತಿದ್ದಳು, ಯಾಕೆಂದರೆ ಬಂದವರಿಗೆ ಉಣಬಡಿಸದಿದ್ದರೆ ಅದಕ್ಕಿಂತ ದೊಡ್ಡ ಲಕ್ವ ಮನೆಯ ಮಾನಕ್ಕೆ ಹೊಡೆಯುತ್ತದೆ.

ಪಟ್ಟಣದ ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಚಿಕ್ಕ ಹುಡುಗಿ. ಸಾಲ್ಕಿನ್‌ಗೆ ಅವಳ ಮೇಲೂ ಅಂಥ ಗೌರವವೇನಿರಲಿಲ್ಲ.

"ಅಜ್ಜೀ, ಅವರ ಮಿದುಳು ಆ ಕಾಲನ್ನ ಹೊಸದಾಗಿ ಪಳಗಿಸ್ತಾ ಇದೆ. ಅಂಥ ಹೊತ್ತಲ್ಲಿ ಭಯ, ಅವಮಾನ, ಒತ್ತಡ ಬಿದ್ರೆ ಕಾಲು ಮತ್ತೆ ಬಿಗ್ದುಕೊಳ್ಳುತ್ತೆ, ಕಲ್ತಿದ್ದೂ ಮರ್ತುಹೋಗುತ್ತೆ. ದಿನಾ ಸ್ವಲ್ಪ ಸ್ವಲ್ಪ ನಡೀಲಿ. ಜನ ಸೇರಿಸ್ಬೇಡಿ. ಮನೆಯವರೂ ಅಷ್ಟೇ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾ ಕೂರ್ಬೇಡಿ."

ಜನ ಸೇರಿಸಬೇಡಿ ಎಂಬ ಮಾತನ್ನು ಸಾಲ್ಕಿನ್ ಮನೆಯವರೆಗೂ ಕತ್ತಿಯಂತೆ ಹಿಡಿದು ತಂದಳು. ಕೊನೆಯ ಮಾತನ್ನು ವ್ಯಾನು ಹತ್ತುವ ಜಾಗದಲ್ಲೇ ಬಿಟ್ಟುಬಂದಳು. ಕಟ್ಟಿಕೊಂಡ ಹೆಂಡತಿ ಕಾಯದೆ ಇನ್ನಾರು ಕಾಯಬೇಕು?

ಹಾಗಾಗಿ ಅವಳು ಕಾದಳು. ಅವನು ಚಮಚ ಎತ್ತಿದರೆ ಅವಳ ಕಣ್ಣು ಚಮಚದ ಹಿಂದೆಯೇ ಹೋಗುತ್ತಿತ್ತು. ಅವನು ಗೋಡೆ ಹಿಡಿದು ಎದ್ದರೆ ಅವಳು ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿಯುತ್ತಿದ್ದಳು. ಎಡಗಾಲು ತಡವರಿಸಿದರೆ "ಎತ್ತು, ಎತ್ತು, ಇನ್ನೂ ಎತ್ತು" ಎನ್ನುತ್ತಿದ್ದಳು. ಅವನು ಕೂತುಬಿಡುತ್ತಿದ್ದ. ಎಲ್ಲ ಆ ಸಕ್ಕರೆ ಪೊಟ್ಟಣದವರ ಕೆಟ್ಟ ಕಣ್ಣು ಎಂದು ಅವಳು ದೃಷ್ಟಿ ತೆಗೆಯುವ ಆರ್ಚಾ ಸೊಪ್ಪಿನ ಹೊಗೆ ಹಾಕುತ್ತಿದ್ದಳು.

ಹಿಮ ಕರಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯ ಹಲಗೆಯ ಸಂದಿಯಿಂದ ಒಂದು ದೃಶ್ಯ ಕಂಡಳು. ಇಸ್ಮಾನಾಲಿ ಹಸುವಿನ ಬೆನ್ನ ಮೇಲೆ ಎಡಗೈ ಊರಿಕೊಂಡು, ಊರುಗೋಲನ್ನು ಗೊಂತಿಗೆ ಒರಗಿಸಿಟ್ಟು, ಬಾಗಿಲ ಕಡೆಯಿಂದ ಆ ಗೋಡೆಯವರೆಗೆ ನಡೆದು ಹೋದ. ತಿರುಗಿದ. ಬಂದ. ಹಸು ಮೆಲುಕು ಹಾಕುತ್ತಲೇ ಇತ್ತು. ಅವನು ಅದಕ್ಕೆ ಏನೋ ಬೈಯುತ್ತಿದ್ದ, ಹಳೆಯ ಇಸ್ಮಾನಾಲಿ ಬೈಯುತ್ತಿದ್ದ ಹಾಗೆಯೇ.

ಸಾಲ್ಕಿನ್ ತಡೆದುಕೊಳ್ಳಲಿಲ್ಲ. ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದಳು.

"ಏ ಮುದುಕಾ! ನಡೀತಿದೀಯಲ್ಲೋ! ಇನ್ನೊಂದ್ಸಲ, ಇನ್ನೊಂದ್ಸಲ ತೋರ್ಸು!"

ಇಸ್ಮಾನಾಲಿಯ ಭುಜಗಳು ಮೇಲೆದ್ದವು, ದವಡೆ ಬಿಗಿಯಿತು. ಕಾಲು ಸಗಣಿಯಲ್ಲಿ ಗೂಟ ಹೊಡೆದಂತೆ ನಿಂತಿತು. ಅವಳೇ ತೋಳು ಹಿಡಿದು ಒಳಗೆ ಕರೆತರಬೇಕಾಯಿತು. ಆದರೂ ಅವಳ ಎದೆ ಹಗುರವಾಗಿತ್ತು. ಇನ್ನು ಕೆಲವು ವಾರಕ್ಕೆ ಊರಿನ ಕುದುರೆ, ಕುರಿ, ಗುಡಾರಗಳೆಲ್ಲ ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಹೊರಡುತ್ತವೆ. ಇಸ್ಮಾನಾಲಿ ಹುಟ್ಟಿದ್ದು ಆ ಹುಲ್ಲುಗಾವಲಲ್ಲೇ. ಒಂದು ಬೇಸಿಗೆಯನ್ನೂ ಅವನು ಕೆಳಗೆ ಕಳೆದವನಲ್ಲ. ಈ ಬೇಸಿಗೆಯನ್ನು ಕೆಳಗೇ ಕಳೆದರೆ ಅವನು ಮುಂದಿನ ಬೇಸಿಗೆ ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಈ ಹೊತ್ತಿನಲ್ಲಿ ವಕ್ಕರಿಸಿದ್ದು ಬಾವ, ಇಸ್ಮಾನಾಲಿಯ ಅಣ್ಣ ಮುಕಾಶ್.

ಆ ಕಣಿವೆಯ ಮದುವೆ, ಮುಂಜಿ, ತಿಥಿ, ಹೊಸಮನೆ ಯಾವುದೇ ಇರಲಿ, ಮೈಕು ಹಿಡಿದು ಯಾರು ಮೊದಲು ಹರಸಬೇಕು, ಯಾರು ಆಮೇಲೆ ಹಾಡಬೇಕು ಎಂದು ನಡೆಸಿಕೊಡುವವನು ಈ ಮುಕಾಶ್. ವರ್ಷಗಟ್ಟಲೆ ಮೈಕು ಹಿಡಿದು ಅವನ ಮುಷ್ಟಿ ಮೈಕಿಲ್ಲದಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ನಾಲ್ಕು ಜನರ ಕೋಣೆಯಲ್ಲೂ ನಾನ್ನೂರು ಜನರಿಗೆ ಕೇಳುವಂತೆ ಮಾತಾಡುತ್ತಿದ್ದ. ಸಾಲ್ಕಿನ್ ಅವನ ಹೆಸರನ್ನು ಬಾಯಲ್ಲಿ ತರುವಂತಿರಲಿಲ್ಲ. ಸೊಸೆಯಾಗಿ ಬಂದವಳು ಗಂಡನ ಅಣ್ಣನ ಹೆಸರನ್ನು ಸಾಯುವವರೆಗೂ ಹೇಳಬಾರದು, ಅದು ಅಲ್ಲಿಯ ರೂಢಿ. ಆದರೆ ಅಡ್ಡಹೆಸರು ಇಡಬಾರದೆಂದು ಯಾರೂ ಹೇಳಿರಲಿಲ್ಲ. ಅವಳು ಮನಸ್ಸಿನೊಳಗೆ ಅವನನ್ನು ಮೈಕಪ್ಪ ಎಂದು ಕರೆಯುತ್ತಿದ್ದಳು.

ಮೈಕಪ್ಪ ಚಹಾ ಕುಡಿದು ಗಂಟಲು ಸರಿಮಾಡಿಕೊಂಡ.

"ಕನಸು ಬಿತ್ತು ಕಣಮ್ಮ. ನಮ್ಮಪ್ಪ ಬಂದಿದ್ದ. 'ನಿನ್ ತಮ್ಮನ ಕಾಲಿಗೆ ದಾರ ಕಟ್ಟಿದಾರೆ, ಕತ್ತರಿಸು' ಅಂದ. ಅದಕ್ಕೇ ತೀರ್ಮಾನ ಮಾಡ್ದೆ. ಇವನಿಗೆ ಕಾಲುದಾರದ ಶಾಸ್ತ್ರ ಮಾಡಿಸ್ತೀನಿ."

ಸಾಲ್ಕಿನ್‌ಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಕಾಲುದಾರದ ಶಾಸ್ತ್ರ ಹಸುಗೂಸುಗಳದ್ದು. ಮಗು ಎದ್ದು ನಿಲ್ಲತೊಡಗಿದಾಗ ಅದರ ಎರಡು ಕಾಲಿಗೂ ಕರಿ-ಬಿಳಿ ಉಣ್ಣೆಯ ಹುರಿ ಕಟ್ಟಿ, ದೂರದಿಂದ ಓಡಿಬಂದವರಲ್ಲಿ ಮೊದಲು ಮುಟ್ಟಿದವರು ಅದನ್ನು ಕತ್ತರಿಸಿ ಮಗುವನ್ನು ನಾಲ್ಕು ಹೆಜ್ಜೆ ನಡೆಸುತ್ತಾರೆ.

"ಬಾವ, ಅದು ಮಕ್ಕಳಿಗೆ ಮಾಡೋದಲ್ವಾ?"

"ಮಕ್ಳು ನಡಿಯಕ್ಕಾಗಲ್ಲ. ಇವನೂ ನಡಿಯಕ್ಕಾಗಲ್ಲ. ಏನ್ ವ್ಯತ್ಯಾಸ?"

"ವ್ಯತ್ಯಾಸ ಅಂದ್ರೆ, ಮಗೂಗೆ ನಾಚಿಕೆ ಇರಲ್ಲ. ಡಾಕ್ಟ್ರಮ್ಮ ಜನ ಸೇರಿಸ್ಲೇಬೇಡಿ ಅಂದಿದಾಳೆ."

"ಆ ಹುಡುಗೀಗೇನ್ ಗೊತ್ತು! ಊರೆಲ್ಲಾ ಸೇರಿ ಹುರುಪು ಕೊಟ್ರೆ ಸತ್ತೋನೂ ಎದ್ ಕೂರ್ತಾನೆ."

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವವನೊಡನೆ ಏನು ವಾದ. ಅಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ. ಶಾಸ್ತ್ರದ ದಿನ ಇಸ್ಮಾನಾಲಿ ಊರವರ ಮುಂದೆ ನಡೆದು ತೋರಿಸಿದರೆ ಬೆಟ್ಟಕ್ಕೆ ಹೋಗಬಹುದು. ಇಲ್ಲವಾದರೆ ರಾಜಧಾನಿ ಬಿಷ್ಕೆಕ್‌ನಲ್ಲಿ ತನ್ನ ಮಗನ ಮನೆಗೆ. ಐದನೇ ಮಹಡಿ, ಲಿಫ್ಟು ಕೆಟ್ಟು ಕಾಲವಾಯಿತು, ಆದರೆ ಬಿಸಿನೀರು ಬರುತ್ತದೆ. ವಂಶದ ಹಿರಿಯನಾಗಿ ಇದು ತನ್ನ ತೀರ್ಪು.

ಇಸ್ಮಾನಾಲಿ ಮೂಲೆಯಲ್ಲಿ ಕೂತು ಕೇಳಿಸಿಕೊಂಡ. ಅಣ್ಣನ ಮಾತಿಗೆ ಎದುರಾಡಿದವನಲ್ಲ ಅವನು. ಅವತ್ತು ಕೊಟ್ಟಿಗೆಗೂ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ಊರಿನ ಹಿರಿಯರಲ್ಲಿ ಒಬ್ಬನಾದರೂ ಇದು ಹುಚ್ಚು ಎಂದಾನು ಎಂದು ಸಾಲ್ಕಿನ್ ಕಾದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಊಟಕ್ಕೆ ಯಾರ ಕುದುರೆ ಕಡಿಯುತ್ತೀರಿ, ಓಟಕ್ಕೆ ಬಹುಮಾನ ಏನು, ಇವೆರಡೇ ಅವರ ಪ್ರಶ್ನೆಗಳಾಗಿದ್ದವು. ಬಹುಮಾನ ಒಂದು ಕೊಬ್ಬಿದ ಟಗರು ಎಂದು ತಿಳಿದಾಗ ಪಕ್ಕದ ಊರಿನವರಿಗೂ ಇಸ್ಮಾನಾಲಿಯ ಕಾಲಿನ ಬಗ್ಗೆ ಮರುಕ ಹುಟ್ಟಿತು.

ಶಾಸ್ತ್ರದ ದಿನ ಬಿಸಿಲು ಚೆನ್ನಾಗಿತ್ತು. ಶಾಲೆಯ ಹಿಂದಿನ ಬಯಲಲ್ಲಿ ಗುಡಾರ ಹಾಕಿದ್ದರು, ಹಂಡೆಗಳಲ್ಲಿ ಮಾಂಸ ಕುದಿಯುತ್ತಿತ್ತು, ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದ ಎಣ್ಣೆಯ ವಾಸನೆ ಊರೆಲ್ಲ ಹಬ್ಬಿತ್ತು. ಇಸ್ಮಾನಾಲಿಗೆ ಹೊಸ ಬಿಳಿ ಕಂಬಳಿ ಟೋಪಿ ಇಟ್ಟು, ಬಯಲಿನ ನಡುವೆ ನಿಲ್ಲಿಸಿ, ಊರುಗೋಲು ಕಿತ್ತುಕೊಂಡು ಕಾಲಿಗೆ ಹುರಿ ಕಟ್ಟಿದರು. ಎಪ್ಪತ್ತು ದಾಟಿದವನ ಕಾಲಿಗೆ, ಮಕ್ಕಳಿಗೆ ಕಟ್ಟುವ ಹುರಿ. ಸುತ್ತ ಫೋನುಗಳು ಎದ್ದವು. ಸಾಲ್ಕಿನ್ ಹೆಂಗಸರ ಗುಂಪಿನ ಮುಂದೆ ನಿಂತಿದ್ದಳು. ಗಂಡನ ಎಡಗಾಲನ್ನು ಬಿಟ್ಟು ಅವಳ ಕಣ್ಣು ಅತ್ತಿತ್ತ ಕದಲಲಿಲ್ಲ.

"ಬಂಧುಗಳೇ!" ಎಂದ ಮುಕಾಶ್, ಮೈಕು ಕೀರೆಂದಿತು. "ನನ್ನ ತಮ್ಮ ಈಗ ಹೊಸ ಹೆಜ್ಜೆ ಇಡ್ತಾನೆ! ಜೋರಾಗಿ ಕೂಗಿ! ಇಸ್ಮಾನಾಲಿ! ಇಸ್ಮಾನಾಲಿ!"

ಊರು ಕೂಗಿತು. ಬಯಲಿನ ಆ ತುದಿಯಿಂದ ಓಟಗಾರರು ಹೊರಟರು. ಪಕ್ಕದ ಊರಿನ ಕುಸ್ತಿಪಟುವೊಬ್ಬ ಇಬ್ಬರನ್ನು ಮೊಣಕೈಯಿಂದ ತಿವಿದು ಬೀಳಿಸಿ ಮೊದಲು ಬಂದ. ಮುಕಾಶನ ಇನ್ನೊಂದು ಕೈಯಲ್ಲಿದ್ದ ಚೂರಿ ಕಿತ್ತುಕೊಂಡು ಹುರಿಯನ್ನು ಕರಕರ ಕೊಯ್ದ. ಕಣ್ಣು ಮಾತ್ರ ಟಗರಿನ ಮೇಲೇ ಇತ್ತು.

"ನಡಿ, ತಮ್ಮಾ, ನಡಿ! ಎಲ್ಲಾ ನೋಡ್ತಿದಾರೆ!"

ಎಲ್ಲರೂ ನೋಡುತ್ತಿದ್ದರು. ಅದೇ ಆದ ತೊಂದರೆ. ಇಸ್ಮಾನಾಲಿಯ ಎಡಗೈ ಎದೆಗೆ ಮುದುಡಿಕೊಂಡಿತು, ಮೊಣಕಾಲು ಸೆಟೆಯಿತು, ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಕೊಟ್ಟಿಗೆಯಲ್ಲಿ ಹಸುವಿನ ಜೊತೆ ನಡೆದ ಕಾಲು ಅದಲ್ಲವೇ ಅಲ್ಲ. ಮುಕಾಶ್ ಮೈಕಿನಲ್ಲಿ ಒಂದು, ಎರಡು ಎಂದು ಎಣಿಸತೊಡಗಿದ. ಇಸ್ಮಾನಾಲಿ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ತುಟಿಯಲ್ಲೇ "ಎತ್ತು, ಎತ್ತು" ಎಂದಳು. ಅವನು ಎತ್ತಲು ಹೋದ, ಮುಖ ಕೆಳಗಾಗಿ ಹುಲ್ಲಿನ ಮೇಲೆ ಬಿದ್ದ. ಹೊಸ ಟೋಪಿ ಉರುಳಿ ಕುಸ್ತಿಪಟುವಿನ ಕಾಲಡಿ ಸಿಕ್ಕಿತು.

ಬಯಲು ಒಂದು ಕ್ಷಣ ಸ್ತಬ್ಧವಾಯಿತು. ಆ ಕ್ಷಣವನ್ನು ಖಾಲಿ ಬಿಟ್ಟರೆ ಮುಕಾಶ್ ಮುಕಾಶ್ ಆಗಿರುತ್ತಿರಲಿಲ್ಲ.

"ಪರವಾಗಿಲ್ಲ ಬಂಧುಗಳೇ! ಮಗು ಬಿದ್ದೇ ಏಳೋದು! ಚಪ್ಪಾಳೆ!"

ಚಪ್ಪಾಳೆ ಬಿತ್ತು. ಬಿದ್ದವನಿಗೆ ಚಪ್ಪಾಳೆ ತಟ್ಟುವ ಕೈಗಳನ್ನು ನೋಡಿ ಸಾಲ್ಕಿನ್‌ಳ ಒಳಗೆ ಸೊಸೆತನವೆಂಬುದು ಒಲೆಗೆ ಬಿದ್ದ ಕೂದಲಂತೆ ಸುಟ್ಟುಹೋಯಿತು. ಅವಳು ಬಯಲಿನ ನಡುವೆ ಹೋಗಿ ನಿಂತಳು.

"ಮುಕಾಶ್!" ಎಂದಳು. "ಮುಕಾಶ್, ಕೆಳಗಿಡೋ ಆ ಮೈಕನ್ನ! ನಿನ್ ಅಪ್ಪ ಕನಸಲ್ಲಿ ಬಂದಿದ್ದು ನಿನ್ ನಾಲಗೆ ಕತ್ತರಿಸು ಅನ್ನಕ್ಕೆ. ನೀನು ಕಾಲು ಅಂತ ಕೇಳಿಸ್ಕೊಂಡೆ!"

ಈಗ ಊರು ನಿಜವಾಗಿ ಬೆಚ್ಚಿತು. ಮುದುಕಿಯರು ಗಾಬರಿಯಿಂದ ತಮ್ಮ ತಮ್ಮ ಕೊರಳಪಟ್ಟಿ ಹಿಡಿದುಕೊಂಡರು. "ಬಾವನ ಹೆಸರು ಹೇಳಿಬಿಟ್ಟಳಲ್ಲೇ!" "ಅದೂ ಮೈಕಲ್ಲಿ ಕೇಳಿಸ್ತಲ್ಲೇ!" ಮುಖ ನೆಲಕ್ಕೊತ್ತಿ ಬಿದ್ದ ಮನುಷ್ಯ ಇನ್ನೂ ಹಾಗೇ ಬಿದ್ದಿದ್ದ. ಅದು ಯಾರಿಗೂ ಅವಮಾನ ಅನಿಸಿರಲಿಲ್ಲ. ಒಂದು ಹೆಸರು ಬಾಯಿಂದ ಹೊರಬಿದ್ದದ್ದೇ ಊರಿನ ಮರ್ಯಾದೆ ಹೋದಂತಾಯಿತು. ಇಂಥ ಮರ್ಯಾದೆಯನ್ನು ನಾಯಿ ಕೂಡ ಮೂಸಲಿಕ್ಕಿಲ್ಲ ಎಂದು ಸಾಲ್ಕಿನ್ ಅವರ ಮುಂದೆಯೇ ಉಗಿದು, ಗಂಡನನ್ನು ಎಬ್ಬಿಸಿದಳು. ಹಿಂದೆ ಜನ ಮಾಂಸಕ್ಕೆ ಕೂತರು. ಸಂಜೆ ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ಉಳಿದ ಮಾಂಸ ತುಂಬಿದ ಪ್ಲಾಸ್ಟಿಕ್ ಚೀಲವಿತ್ತು.

ಮುಕಾಶ್ ಸಂಜೆಯೇ ಹೇಳಿಕಳಿಸಿದ. ಬೆಟ್ಟದ ಮಾತು ಮುಗಿಯಿತು. ಬೆಟ್ಟಕ್ಕೆ ಹೋಗುವ ಲಾರಿ ಬರುವ ಬೆಳಿಗ್ಗೆಯೇ ತನ್ನ ಮಗನ ಕಾರೂ ಬರುತ್ತದೆ. ಗುಡಾರ ಲಾರಿಗೆ, ಇಸ್ಮಾನಾಲಿ ಕಾರಿಗೆ.

ಮನೆಯಲ್ಲಿ ಸಾಲ್ಕಿನ್ ಒಲೆಯ ಮುಂದೆ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಜಾಲಾಡಿದಳು. ಮೈಕಪ್ಪ, ಕುಸ್ತಿಯವನು, ಫೋನು ಹಿಡಿದವರು, ಚಪ್ಪಾಳೆಯವರು. "ನುಂಗೋ ಹಾಗೆ ನೋಡ್ತಿದ್ರಲ್ಲ, ಕಣ್ಣಿಗೆ ಮಣ್ಣು ಬೀಳ! ಅವರ ಕಣ್ಣಿಗೇ ನಿನ್ ಕಾಲು ಕಟ್ಟಿಹೋಗಿದ್ದು."

ಇಸ್ಮಾನಾಲಿ ನಿಧಾನವಾಗಿ, ತಿರುಚಿದ ಬಾಯಿಂದ ಹೇಳಿದ.

"ಅವರ ಕಣ್ಣು ಒಂದಿನದ್ದು ಕಣೇ ಮುದುಕಿ."

"ಅಂದ್ರೆ?"

"ನಿನ್ ಕಣ್ಣು ದಿನಾ ಇರುತ್ತೆ."

ಸಾಲ್ಕಿನ್‌ಳ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು. "ನಾನು ನಿನ್ ಒಳ್ಳೇದಕ್ಕೆ..."

"ಅಣ್ಣಾನೂ ಅದನ್ನೇ ಅಂತಾನೆ. ಹಸು ನನ್ನನ್ನ ನೋಡಲ್ಲ. ಅದಕ್ಕೇ ಅಲ್ಲಿ ನಡೀತೀನಿ. ನೀನು ಬಾಗಿಲಲ್ಲಿ ನಿಂತ್ರೆ ಸಾಕು, ಕಾಲಿಗೆ ಪರೀಕ್ಷೆ ಬಂದಂಗಾಗುತ್ತೆ. ಫೇಲಾದ್ರೆ ನಿನ್ ಮುಖ ಬಾಡುತ್ತೆ, ಅದನ್ನ ನೋಡಕ್ಕಾಗಲ್ಲ ನಂಗೆ. ಇವತ್ತು ಬಯಲಲ್ಲೂ ಅಷ್ಟೇ. ಊರಿಗೆ ಊರೇ ಕೂಗ್ತಿದ್ರೂ ನಿಂತಿದ್ದೆ. ನಿನ್ ಕಡೆ ನೋಡ್ದೆ, ಬಿದ್ದೆ."

ಅವಳಿಗೆ ಮೊದಲು ಬಂದದ್ದು ಕೋಪ. ಹೇಲು ಉಚ್ಚೆ ಬಳಿದವಳು ನಾನು, ನನಗೇ ಈ ಮಾತೇ ಎಂದು ಬಾಯಿ ತೆರೆದಳು. ಆದರೆ ಅವಳ ಮುಖ ಆಗಲೇ ಬಾಡಿತ್ತು, ಅವನು ಆಗಲೇ ಅದನ್ನು ನೋಡುತ್ತಿದ್ದ, ಅವನ ಎಡಗೈ ಮೆಲ್ಲಗೆ ಎದೆಗೆ ಮುದುಡಿಕೊಳ್ಳುತ್ತಿತ್ತು. ಅವಳು ಬಾಯಿ ಮುಚ್ಚಿದಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಊರವರ ಎಲೆಯ ನೊಣ ಹೊಡೆಯುತ್ತಿದ್ದಳಲ್ಲ ಮಹರಾಯಿತಿ. ಊರಿಗೆಲ್ಲ ಹಂಚಿ ಉಳಿದ ತಿರಸ್ಕಾರವನ್ನು ಅವಳು ಅವತ್ತು ಮೊದಲ ಸಲ ತನಗೂ ಒಂದು ಬಟ್ಟಲು ಬಗ್ಗಿಸಿಕೊಂಡಳು. ರುಚಿ ಚೆನ್ನಾಗಿರಲಿಲ್ಲ.

ಮರುದಿನದಿಂದ ಅವಳು ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ಅವನು ಚಮಚ ಎತ್ತಿದರೆ ಕಿಟಕಿ ನೋಡಿದಳು. ಇದಕ್ಕಿಂತ ಹೇಲು ಉಚ್ಚೆ ಬಳಿಯುವುದೇ ಸುಲಭವಾಗಿತ್ತು. ಅವನು ನಡೆಯುತ್ತಿದ್ದಾನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಲಾರಿ ಬಂತು. ಗುಡಾರದ ಕೋಲು, ಕಂಬಳಿ, ಹಂಡೆ ಎಲ್ಲ ಹೇರಿದ್ದಾಯಿತು. ಹಿಂದೆಯೇ ಕಾರೂ ಬಂತು, ಅದರಿಂದ ಮುಕಾಶ್ ಇಳಿದ. ಅವನು ಸಾಲ್ಕಿನ್ ಕಡೆ ನೋಡದೆ ಗಾಳಿಗೆ ಹೇಳುವಂತೆ ಗುಡುಗಿದ.

"ತಮ್ಮನ್ನ ಕರ್ಕೊಂಡ್ ಬನ್ನಿ. ಇಬ್ರು ಹಿಡ್ಕೊಳ್ಳಿ. ಬಿದ್ದುಗಿದ್ದಾನು."

ಇಸ್ಮಾನಾಲಿ ಮನೆಯ ಹೊಸ್ತಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ. ಅಂಗಳದ ಆಚೆ ಎಡಕ್ಕೆ ಲಾರಿ, ಬಲಕ್ಕೆ ಕಾರು. ಲಾರಿಯವನು, ಕಾರಿನವನು, ಸಾಮಾನು ಹೇರಿದ ನೆರೆಯವರು, ಬೇಲಿಯ ಮೇಲೆ ಆಗಲೇ ಬಂದು ಒರಗಿದ ಹೆಂಗಸರು, ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ. ಸಾಲ್ಕಿನ್ ನೋಡದೆಯೇ ತಿಳಿದಳು, ಆ ಭುಜ ಈಗ ಮೇಲೇರುತ್ತಿದೆ.

"ಎಲ್ಲಾ ಆ ಕಡೆ ತಿರುಗಿ" ಎಂದಳು.

"ಏನು?" ಎಂದ ಲಾರಿಯವನು.

"ಬೆಟ್ಟದ ಕಡೆ ತಿರುಗಿ ನಿಂತ್ಕೊಳ್ಳಿ. ಬೆನ್ನು ಈ ಕಡೆ. ಏ, ಬೇಲಿ ಮೇಲಿನ ಕಾಗೆಗಳಾ, ನೀವೂನೂ!"

ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೆ ತಿರುಗಿದರು. ಬಾವನ ಹೆಸರನ್ನೇ ಕೂಗಿದ ಬಾಯಿ ಇನ್ನೇನು ಕೂಗೀತೋ ಎಂಬ ಅಂಜಿಕೆ. ಮುಕಾಶ್ ಮಾತ್ರ ಎದೆ ಸೆಟೆಸಿ ಅಲ್ಲೇ ನಿಂತ.

"ನನ್ ತಮ್ಮನ್ನ ನಾನು ನೋಡ್ಬಾರ್ದಾ? ನನಗೆ ಹೇಳಕ್ಕೆ ಇವಳ್ಯಾರು?"

"ತಿರುಗ್ತೀರೋ ಬಾವ, ಇಲ್ಲಾ ಇನ್ನೊಂದ್ಸಲ ಹೆಸರು ಹೇಳ್ಲೋ?"

ಬೇಲಿಯ ಹೆಂಗಸರ ಬೆನ್ನುಗಳು ನಗೆಯಿಂದ ಕುಲುಕಿದವು. ಕಣಿವೆಯ ಪ್ರತಿ ಮದುವೆಯಲ್ಲೂ ಮೈಕು ಹಿಡಿದ ಮಹಾಪುರುಷ, ಹೆಸರೊಂದಕ್ಕೆ ಹೆದರಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ ಬೆಟ್ಟದ ಕಡೆ ಮುಖ ಮಾಡಿದ.

ಕೊನೆಗೆ ತಿರುಗಿದವಳು ಸಾಲ್ಕಿನ್. ಅವಳಿಗೆ ಅದು ಎಲ್ಲರಿಗಿಂತ ಕಷ್ಟವಾಯಿತು. ಕುತ್ತಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಬೆಟ್ಟದ ತಲೆಯಲ್ಲಿ ಇನ್ನೂ ಹಿಮವಿತ್ತು, ಕೆಳಗೆ ಹಸಿರು ಹಿಡಿದಿತ್ತು, ಅವಳಿಗೆ ಅದ್ಯಾವುದೂ ಕಾಣಲಿಲ್ಲ. ಅವಳಿಗಿದ್ದದ್ದು ಕಿವಿ ಮಾತ್ರ.

ಮೊದಲು ಏನೂ ಇಲ್ಲ. ಆಮೇಲೆ ಊರುಗೋಲು ಕಲ್ಲಿಗೆ ತಾಗಿತು. ಕಾಲು ಎಳೆದ ಸದ್ದು. ಮತ್ತೆ ಊರುಗೋಲು. ಸದ್ದು ನಿಂತಿತು. ಬಿದ್ದನೇ? ಬಿದ್ದಿದ್ದರೆ ಸದ್ದಾಗಬೇಕಿತ್ತು. ಉಗುರು ಅಂಗೈಗೆ ಇಳಿಯುವಂತೆ ಮುಷ್ಟಿ ಬಿಗಿದಳು, ತಿರುಗಲಿಲ್ಲ. ಮುಕಾಶನ ತಲೆ ಒಂದಿಷ್ಟು ಹೊರಳಿತು. "ಮು..." ಎಂದಳು ಅವಳು. ತಲೆ ವಾಪಸು ಹೋಯಿತು.

ಮತ್ತೆ ಊರುಗೋಲು. ಎಳೆದ ಕಾಲು. ಅದರ ಜೊತೆಗೆ ಗೊಣಗಾಟ, ಹಸುವನ್ನು ಬೈಯುವ ಹಳೆಯ ಗೊಣಗಾಟ. ಅದು ಅವಳ ಬೆನ್ನ ಹಿಂದೆ ಬಂತು, ಅವಳನ್ನು ದಾಟಿತು, ಎಡಕ್ಕೋ ಬಲಕ್ಕೋ ತಿಳಿಯದಂತೆ ಗಾಳಿಯಲ್ಲಿ ಹೋಯಿತು. ಆಮೇಲೆ ಲಾರಿಯ ತಗಡಿಗೆ ಊರುಗೋಲಿನಿಂದ ಟಣ್ ಟಣ್ ಎಂದು ಬಡಿದ ಸದ್ದಾಯಿತು.

"ಏನ್ರೋ ಎಲ್ಲಾ ಬೆಟ್ಟ ನೋಡ್ತಾ ನಿಂತಿದೀರ?" ಎಂದ ಇಸ್ಮಾನಾಲಿ. "ಅದೇನ್ ಓಡಿಹೋಗುತ್ತಾ? ಯಾರಾದ್ರೂ ಬಂದು ನನ್ನನ್ನ ಮೇಲಕ್ಕೆತ್ರೋ. ಏ ಮುದುಕೀ, ಇನ್ಮೇಲೆ ನೀನು ಈ ಕಡೆ ತಿರುಗ್ಬೋದು."